ಆಚೆ ದಡದ ಶಾಲೆ

"ಮೇಡಂ, ಈ ಗೌರವವನ್ನು ನಾನು ತೆಗೆದುಕೊಳ್ಳಬಹುದೇ?"

ಸುಕೃತಾ ಇದನ್ನು ಕೇಳಲೆಂದೇ ಬಂದಿದ್ದಳು. ಬಂದು ಬಹಳ ಹೊತ್ತಾದ ಮೇಲೆ ಕೇಳಿದಳು. ಶಾಲೆಯ ಮಕ್ಕಳ ಮನಸ್ಸನ್ನು ಕುರಿತು ಅವಳು ಬರೆದ ಪಿಎಚ್.ಡಿ. ಪ್ರಬಂಧವನ್ನು ವಿಶ್ವವಿದ್ಯಾಲಯದ ಸಮಿತಿಯೊಂದು ಆ ವರ್ಷದ ಅತ್ಯುತ್ತಮ ಸಂಶೋಧನೆ ಎಂದು ಆರಿಸಿತ್ತು. ಮರುದಿನವೇ ಸಮಾರಂಭ. ಅವಳಿಗೆ ಮಾರ್ಗದರ್ಶನ ಮಾಡಿದ್ದ ವಿಶಾಲಾಕ್ಷಮ್ಮನವರು ಈಗ ನಿವೃತ್ತರಾಗಿ ಮನೆಯಲ್ಲಿದ್ದರು.

"ಯಾಕೆ, ಉಡುವ ಸೀರೆ ಯಾವುದೆಂದು ತೀರ್ಮಾನವಾಗಲಿಲ್ಲವೇ?" ಎಂದರು ಗುರುಗಳು.

ಸುಕೃತಾಗೆ ನಗು ಬರಲಿಲ್ಲ.

"ನಾನು ಎರಡು ಶಾಲೆಗಳಲ್ಲಿ ಕೆಲಸ ಮಾಡಿದ್ದು ನಿಮಗೆ ಗೊತ್ತು, ಮೇಡಂ. ಒಂದರಲ್ಲಿ ಹೆದರುವ ಮಕ್ಕಳಿಗೆ ನೆರವು ಕೊಟ್ಟೆ. ಇನ್ನೊಂದರಲ್ಲಿ ಹೋಲಿಕೆಗೆಂದು ಸುಮ್ಮನೆ ನೋಡಿದೆ. ಸಮಿತಿಯವರು ಆ ಹೋಲಿಕೆಯನ್ನೇ ಹೊಗಳಿದ್ದಾರೆ. ಅದನ್ನು ಓದಿದಾಗಿನಿಂದ ಊಟ ಸೇರುತ್ತಿಲ್ಲ."

"ಎರಡನೆಯ ಶಾಲೆಗೆ ಮತ್ತೆ ಹೋಗಿದ್ದೆಯಾ?"

"ಇಲ್ಲ. ಬರೆಯುವುದೇ ಬಹಳವಿತ್ತು."

ಗುರುಗಳು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಂದು ನಾಡಿನಲ್ಲಿ ಒಬ್ಬ ಪಂಡಿತನಿದ್ದ. ಆ ನಾಡಿನ ಶಾಲೆಗಳಲ್ಲಿ ಎಬ್ಬಿಸಿ ನಿಲ್ಲಿಸಿ ಓದು ಎಂದರೆ ಕೆಲವು ಮಕ್ಕಳ ಬಾಯಿ ಕಟ್ಟಿಹೋಗುತ್ತಿತ್ತು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವರು ಶಾಲೆಯಲ್ಲಿ ಮೂಕರಾಗುತ್ತಿದ್ದರು. ದಡ್ಡರು ಎಂದರು ಉಪಾಧ್ಯಾಯರು. ಬೆತ್ತ ಸಾಲದು ಎಂದರು ಊರ ಹಿರಿಯರು. ಪಂಡಿತನಿಗೆ ಹಾಗನ್ನಿಸಲಿಲ್ಲ. ಇದು ದಡ್ಡತನವಲ್ಲ, ಭಯ. ದೊಡ್ಡವರೊಬ್ಬರು ಮಗುವಿನ ಪಕ್ಕದಲ್ಲಿ ಕೂತು ತಪ್ಪು ಹಿಡಿಯದೆ ಕೇಳಿಸಿಕೊಂಡರೆ ಭಯ ಬಿಡುತ್ತದೆ. ಅವನು ಹೀಗೆಂದಾಗ ಯಾರೂ ನಂಬಲಿಲ್ಲ. "ಹಾಗಾದರೆ ತೋರಿಸು" ಎಂದ ರಾಜ.

ನದಿಯ ಎರಡು ದಡಗಳಲ್ಲಿ ಎರಡು ಶಾಲೆಗಳಿದ್ದವು. ಒಂದೇ ಬಗೆಯ ಮಕ್ಕಳು, ಒಂದೇ ಬಗೆಯ ಬಡತನ, ಒಂದೇ ಬಗೆಯ ಬೆತ್ತ. ಪಂಡಿತ ಈಚೆ ದಡದಲ್ಲಿ ಮಕ್ಕಳ ಪಕ್ಕ ಕೂತ. ಅವರು ತಡವರಿಸಿದರೆ ಕಾದ, ಓದಿದರೆ ತಲೆದೂಗಿದ. ಆಚೆ ದಡದಲ್ಲಿ ಬಾಗಿಲ ಬಳಿ ಕೂತು ನೋಡಿದ, ಅಷ್ಟೆ. ಅಲ್ಲಿ ಒಂದು ಒಳ್ಳೆಯ ಮಾತಾಡಿದರೂ ಹೋಲಿಕೆ ಕೆಡುತ್ತದೆ. ಹೋಲಿಕೆ ಕೆಟ್ಟರೆ ರಾಜ ನಂಬುವುದಿಲ್ಲ. ರಾಜ ನಂಬದಿದ್ದರೆ ನಾಡಿನ ಮಕ್ಕಳಿಗೆಲ್ಲ ಬೆತ್ತವೇ ಗತಿ. ಪಂಡಿತ ಇಷ್ಟನ್ನೂ ಯೋಚಿಸಿಯೇ ಮಾಡಿದ್ದ. ಅವನ ಯೋಚನೆಯಲ್ಲಿ ತಪ್ಪಿರಲಿಲ್ಲ.

"ಏನು ಪಂಡಿತರೇ, ಬಾಗಿಲು ಕಾಯುವ ಕೆಲಸ ರಾಜರು ಕೊಟ್ಟದ್ದೋ, ನೀವೇ ಕೇಳಿ ಪಡೆದದ್ದೋ?" ಎಂದು ಆಚೆ ದಡದ ಉಪಾಧ್ಯಾಯ ಚುಡಾಯಿಸುತ್ತಿದ್ದ. ಪಂಡಿತ ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಆ ಶಾಲೆಯಲ್ಲಿ ಒಬ್ಬಳು ಹುಡುಗಿಯಿದ್ದಳು. ಎದ್ದು ನಿಂತರೆ ಅವಳ ದನಿ ಗಂಟಲಲ್ಲೇ ಉಳಿಯುತ್ತಿತ್ತು. ಆದರೂ ಅವಳು ಓದುವ ಆಸೆ ಬಿಟ್ಟಿರಲಿಲ್ಲ. ಈಚೆ ದಡದ ಸುದ್ದಿ ದೋಣಿಯವರ ಬಾಯಿಂದ ಅವಳಿಗೂ ಮುಟ್ಟಿತ್ತು. ಪಂಡಿತ ಬರುವ ದಿನ ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಿದ್ದಳು. ಬೇರೆ ಮಕ್ಕಳು ಅಲ್ಲಿಗೆ ಸರಿದು ಬಂದರೆ ಮೊಣಕೈಯಿಂದ ತಳ್ಳುತ್ತಿದ್ದಳು. ಪಂಡಿತ ಅದನ್ನೂ ನೋಡಿದ. ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳೇ ಬಾಗಿಲ ಬಳಿ ಬಂದು ನಿಂತು ಅಂದಿನ ಪಾಠವನ್ನು ಓದಿದಳು. ಎಲ್ಲಿಯೂ ತಡವರಿಸಲಿಲ್ಲ.

"ಸರಿಯಾಗಿ ಓದಿದೆನೇ, ಅಯ್ಯಾ?"

ಸರಿಯಾಗಿಯೇ ಓದಿದ್ದಳು. ಹೌದು ಎಂಬ ಮಾತು ಪಂಡಿತನ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ನದಿಯ ಕಡೆ ಮುಖ ತಿರುಗಿಸಿದ. ಈ ಕೆಲಸವೊಂದು ಮುಗಿಯಲಿ, ಮೊದಲು ಬಂದು ಇವಳ ಪಕ್ಕದಲ್ಲೇ ಕೂರುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡ. ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ವರ್ಷ ಕಳೆಯಿತು. ಈಚೆ ದಡದ ಮಕ್ಕಳ ಓದು ಬೀದಿಗೆ ಕೇಳಿಸುತ್ತಿತ್ತು. ಆಚೆ ದಡದಲ್ಲಿ ಮೊದಲು ಅಷ್ಟಿಷ್ಟು ಓದುತ್ತಿದ್ದವರೂ ಬಾಯಿ ಮುಚ್ಚಿದ್ದರು. ಅಂತರವು ಪಂಡಿತ ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ರಾಜ ಸಭೆ ಕರೆದ. ನಾಡಿನ ವಿದ್ವಾಂಸರೆಲ್ಲ ಬಂದರು.

"ಆಚೆ ದಡದಲ್ಲಿ ನೀನು ಏನು ಮಾಡಿದೆ?" ಎಂದು ಅವರಲ್ಲಿ ಹಿರಿಯನಾದವನು ಕೇಳಿದ.

"ಏನೂ ಮಾಡಲಿಲ್ಲ. ಆದ್ದರಿಂದಲೇ ನನ್ನ ಮಾತು ನಿಜವೆಂದು ತೋರಿಸಲು ಸಾಧ್ಯವಾಯಿತು."

ಸಭೆ ತಲೆದೂಗಿತು. ಇಂಥ ಕೆಲಸವನ್ನು ಈವರೆಗೆ ಕಂಡಿಲ್ಲ ಎಂದರು ವಿದ್ವಾಂಸರು. ರಾಜ ತನ್ನ ಕೈಯಾರೆ ಶಾಲು ಹೊದಿಸಿದ. ಇನ್ನು ಮೇಲೆ ಪ್ರತಿ ಶಾಲೆಯಲ್ಲೂ ಮಕ್ಕಳ ಪಕ್ಕ ಕೂರಲು ಒಬ್ಬರಿರಬೇಕು ಎಂದು ಆಜ್ಞೆ ಮಾಡಿದ. ಅದರಿಂದ ಎಷ್ಟೋ ಮಕ್ಕಳಿಗೆ ಒಳ್ಳೆಯದಾಯಿತು. ಅದೂ ಸುಳ್ಳಲ್ಲ.

ಪಂಡಿತ ಶಾಲು ಹೊದ್ದೇ ದೋಣಿ ಹತ್ತಿ ಆಚೆ ದಡಕ್ಕೆ ಹೋದ. ಶಾಲೆಯಲ್ಲಿ ಆ ಹುಡುಗಿ ಇರಲಿಲ್ಲ. ಮನೆ ಹುಡುಕಿಕೊಂಡು ಹೋದ. ತಾಯಿ ಭತ್ತ ಕುಟ್ಟುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು.

"ಮಗಳನ್ನು ಶಾಲೆ ಬಿಡಿಸಿದ್ದೇಕೆ, ತಾಯಿ?"

"ನೀವೇ ನೋಡಿದಿರಲ್ಲ, ಅಯ್ಯನವರೇ," ಎಂದಳು ತಾಯಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಒನಕೆಯೂ ನಿಲ್ಲಲಿಲ್ಲ. "ಆ ದಡದ ಮಕ್ಕಳ ಪಕ್ಕ ಕೂತಿರಿ. ಇಲ್ಲಿ ವರ್ಷವೆಲ್ಲ ಬಂದು ನೋಡಿದಿರಿ, ಒಂದು ದಿನವೂ ಒಳಗೆ ಬರಲಿಲ್ಲ. ಇವಳಾಗಿಯೇ ಬಂದು ಕೇಳಿದರೆ ಮುಖ ತಿರುಗಿಸಿದಿರಂತೆ. ತಿಳಿದವರೇ ನೋಡಿ ಸುಮ್ಮನಾದ ಮೇಲೆ ನಮ್ಮ ಮಕ್ಕಳ ತಲೆಯಲ್ಲಿ ಏನೂ ಇಲ್ಲ ಅಂತ ನಮಗೂ ಗೊತ್ತಾಯಿತು. ಮಕ್ಕಳಿಗೂ ಗೊತ್ತಾಯಿತು. ನಾನೊಬ್ಬಳೇ ಅಲ್ಲ, ಬೇರೆಯವರೂ ಬಿಡಿಸಿದರು."

ಪಂಡಿತ ಹುಡುಗಿಯ ಪಕ್ಕ ನೆಲದ ಮೇಲೆ ಕೂತ.

"ಅಂದು ನೀನು ಓದಿದ್ದು ಸರಿಯಾಗಿತ್ತು, ಮಗಳೇ," ಎಂದ.

ಹುಡುಗಿ ತಲೆಯೆತ್ತಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.

ಆಚೆ ದಡದಲ್ಲಿ ತಾನು ಏನೂ ಮಾಡಲಿಲ್ಲ ಎಂದು ಪಂಡಿತ ಸಭೆಯಲ್ಲಿ ಹೇಳಿದ್ದ. ಮಾಡಿದ್ದ. ಅವನು ಅಳೆದ ಅಂತರದಲ್ಲಿ ಅವನ ಮೌನವೂ ಸೇರಿತ್ತು. ಅದೆಷ್ಟು ಎಂದು ಅಳೆಯಲು ಈಗ ದಾರಿಯಿರಲಿಲ್ಲ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಸುಕೃತಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಕತೆ ಮುಂದುವರಿಯಬಹುದು ಎಂದು ಕಾದಳು. ತಾನು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ ಎನ್ನಿಸಿತು. ನಾಳೆ ಬೆಳಿಗ್ಗೆಯೊಳಗೆ ಅವಳು ಏನಾದರೊಂದು ತೀರ್ಮಾನಿಸಬೇಕಿತ್ತು. ಸಂಕೋಚದಿಂದಲೇ ಕೇಳಿದಳು.

"ಆಮೇಲೆ ಪಂಡಿತ ಆ ಶಾಲನ್ನು ಹಿಂದಕ್ಕೆ ಕೊಟ್ಟನೇ, ಮೇಡಂ?"

ಗುರುಗಳು ಅವಳ ಮುಖವನ್ನೇ ನೋಡಿದರು.

"ಹುಡುಗಿ ಏನಾದಳು ಎಂದು ನೀನು ಕೇಳಲಿಲ್ಲ."