ಅಂಗೈಯ ತೀರ್ಥ

ಕಿರುಗೇರಿ ಮಠದ ಶ್ರೀ ಗುರುಶಾಂತ ಶಿವಯೋಗಿಗಳು ಶ್ರಾವಣ ಬಂತೆಂದರೆ ತಿಂಗಳಿಡೀ ಮೌನಾನುಷ್ಠಾನ ಹಿಡಿಯುತ್ತಿದ್ದರು. ಬಿಡುವು ಬಾಯಿಗಷ್ಟೇ, ಕೈಗಲ್ಲ. ಅಂದೂ ಪೂಜ್ಯರು ದಾಸೋಹದ ಅಡುಗೆಮನೆಯಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದರು.

ಆಗ ಮಠದ ಪಕ್ಕದ ಓಣಿಯ ನೀಲವ್ವ ಮೊಮ್ಮಗಳು ದಾನಮ್ಮನನ್ನು ಎತ್ತಿಕೊಂಡು ಎದ್ದುಬಿದ್ದು ಓಡಿಬಂದಳು. ನಾಲ್ಕು ವರ್ಷದ ಕೂಸಿನ ತುಟಿ ಊದಿತ್ತು, ಜೊಲ್ಲು ಸುರಿಯುತ್ತಿತ್ತು. ಮಠದ ತೀರ್ಥವನ್ನು ಖಾಲಿ ಜ್ಯೂಸ್ ಬಾಟಲಿಯಲ್ಲಿ ಮನೆಗೆ ಒಯ್ದಿಡುವುದು ಆ ಓಣಿಯ ರೂಢಿ. ಸೈಕಲ್ ಮೇಲೆ ಆ್ಯಸಿಡ್ ಮಾರುವವನು ಬಂದಾಗ ಪಾಯಿಖಾನೆ ತೊಳೆಯಲು ಹಾಕಿಸಿಕೊಳ್ಳುವುದೂ ಅಂಥದೇ ಬಾಟಲಿಗೆ. ದಿನಾ ಅಜ್ಜಿಯ ಕೈಯಿಂದ ತೀರ್ಥ ಕುಡಿಯುತ್ತಿದ್ದ ದಾನಮ್ಮ ಅಂದು ತಾನೇ ಮುಚ್ಚಳ ತೆಗೆದಿದ್ದಳು.

"ಅಜ್ಜಾರ, ನಿಮ್ಮ ತೀರ್ಥ ಅಂತ ತಿಳದು ಕೂಸು ಆ್ಯಸಿಡ್ ಕುಡದೈತ್ರೀ! ಉಪ್ಪುನೀರು ಕುಡಿಸಿ ವಾಂತಿ ಮಾಡಸು ಅಂತಾರ ಓಣ್ಯಾಗ. ನಿಮ್ಮ ಕೈಲೆ ಒಂದು ಗುಟುಕು ತೀರ್ಥ ಹಾಕ್ರಿ, ಉಳೀತೈತಿ!"

ಅಡುಗೆಯವರು ತೀರ್ಥದ ತಂಬಿಗೆ ತಂದು ಹಿಡಿದರು. ಪೂಜ್ಯರು ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮೌನ ಮುರಿದರು.

"ಬ್ಯಾಡವ್ವ. ಏನೂ ಕುಡಿಸಬ್ಯಾಡ, ವಾಂತಿನೂ ಮಾಡಸಬ್ಯಾಡ. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತ ಸುಡತೈತಿ. ದವಾಖಾನಿಗೆ ನಡಿ. ಆ ಬಾಟಲಿನೂ ತಗೋ, ಡಾಕ್ಟರು ನೋಡಲಿ."

ಒದ್ದೆ ಬಟ್ಟೆಯಿಂದ ಕೂಸಿನ ತುಟಿ ಒರೆಸಿ, ತೊಡೆಯ ಮೇಲೆ ಕೂರಿಸಿಕೊಂಡು ಪೂಜ್ಯರೇ ಮಠದ ಜೀಪು ಹತ್ತಿದರು. ನೀಲವ್ವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಜನ್ಮವಿಡೀ ನಂಬಿದ ಅಜ್ಜಾರು, ಕೂಸಿನ ಜೀವ ಹೋಗುವ ಹೊತ್ತಿನಲ್ಲಿ ಒಂದು ಹನಿ ಕೊಡಲಿಲ್ಲವಲ್ಲ! ದಾರಿಯುದ್ದಕ್ಕೂ ಅವಳು ಅವರ ಮುಖ ನೋಡಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಅನ್ನನಾಳ ಸುಟ್ಟಿತ್ತು, ತೂತಾಗಿರಲಿಲ್ಲ. "ವಾಂತಿ ಮಾಡಿಸದೆ, ಏನೂ ಕುಡಿಸದೆ ಬೇಗ ತಂದಿರಿ. ಪುಣ್ಯಕ್ಕೆ ಉಳೀತಮ್ಮ," ಎಂದರು. ನೀಲವ್ವ ಅಲ್ಲೇ ಗೋಡೆಗೊರಗಿ ಕುಳಿತು ಗಳಗಳ ಅತ್ತಳು.

ಮೂಗಿನ ನಳಿಕೆಯಲ್ಲೇ ಕೂಸಿಗೆ ಎಷ್ಟೋ ದಿನ ಆಹಾರ ಹೋಯಿತು. ಗಾಯ ಮಾಯುತ್ತ ಕಿರಿದಾದ ಅನ್ನನಾಳವನ್ನು ಡಾಕ್ಟರು ಮತ್ತೆಮತ್ತೆ ಹಿಗ್ಗಿಸಬೇಕಾಯಿತು. ಪೂಜ್ಯರು ಮುರಿದ ಮೌನವನ್ನು ಮತ್ತೆ ಮೊದಲಿನಿಂದ ಹಿಡಿದು, ಸಂತೋಷದಿಂದಲೇ ಮುಗಿಸಿದರು.

ಇನ್ನು ಏನು ಬೇಕಾದರೂ ತಿನ್ನಲಿ ಎಂದು ಡಾಕ್ಟರು ಹೇಳಿದ ಮರುದಿನವೇ ನೀಲವ್ವ ಕೂಸಿನೊಂದಿಗೆ ಮಠಕ್ಕೆ ಬಂದಳು. ಪೂಜ್ಯರು ನಕ್ಕು ತಂಬಿಗೆ ಎತ್ತಿದರು. "ಬಾ ತಂಗಿ, ನಿನ್ನ ಪಾಲು ಹಂಗ ಐತಿ. ಅಂಗೈ ಒಡ್ಡು."

ದಾನಮ್ಮ ಗುಟುಕರಿಸಿ, ಅಂಗೈ ನೆಕ್ಕಿ, "ಇದು ಸಪ್ಪಗೈತಿ. ಹುಗ್ಗಿ ಎಲ್ಲೈತ್ರಿ ಅಜ್ಜಾರ?" ಎಂದಳು. ದಾಸೋಹದ ಪಂಕ್ತಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಪೂಜ್ಯರು ತಾವೇ ಎದ್ದು ಹುಗ್ಗಿ ಬಡಿಸಿದರು.

ಅಂದಿನಿಂದ ಆ ಮಠದಲ್ಲಿ ತೀರ್ಥ ಅಂಗೈಗೆ ಮಾತ್ರ. ಬಾಟಲಿ ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆಯುವ ಸೇವೆ ನೀಲವ್ವನದು. ಯಾರಾದರೂ ಮುನಿಸಿಕೊಂಡರೆ ಅವಳು ಹೇಳುತ್ತಿದ್ದಳು:

"ನಾನೂ ಮುನಿಸಿಕೊಂಡಿದ್ದೆ ತಂಗಿ. ಅಜ್ಜಾರು ಕೊಟ್ಟ ತೀರ್ಥ ಬಾಳ ಕುಡದೀನಿ. ನನ್ನ ಕೂಸನ್ನ ಉಳಿಸಿದ್ದು ಅವರು ಕೊಡದಿದ್ದ ತೀರ್ಥ."