ಬೊಗಸೆ ಮೂಡುವವರೆಗೂ ಕಾದ ಬೆಳಕು

ಲೋಕ ಆಗಷ್ಟೇ ಅಂಗಡಿ ತೆರೆದಿತ್ತು. ಬೆಳಕಿಗೆ ಇನ್ನೂ ಬೋಣಿಯಾಗಿರಲಿಲ್ಲ. ಅದು ಬಂದು ನಿಂತರೂ ನೋಡುವ ಕಣ್ಣುಗಳೇ ಕಡಿಮೆ. ಆಗ ಮೊಟ್ಟಮೊದಲ ಬೆಕ್ಕು ಮೊಟ್ಟಮೊದಲ ಮರಿ ಹಾಕಿತು. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿತ್ತು.

ತಾಯಿ ತನ್ನ ಮುಖ ತಂದು ಮರಿಯ ಮುಂದಿಟ್ಟಳು. "ಇಲ್ಲಿ ನೋಡೋ ಕಂದ, ನಾನೇ ನಿನ್ನಮ್ಮ."

ಮರಿಯ ಕಣ್ಣು ಅವಳ ಕಡೆಗೇ ಇತ್ತು. ನೋಟ ಮಾತ್ರ ಎಲ್ಲೂ ಇರಲಿಲ್ಲ.

ತಾಯಿ ಬೆಳಕಿನ ಮೇಲೆ ರೇಗಿದಳು. "ಏನಯ್ಯಾ, ನನ್ನ ಮುಖ ಒಳಗೆ ತಲುಪಿಸಿದೆಯೋ, ದಾರೀಲೇ ಬಿಟ್ಟೆಯೋ?"

"ಕಣ್ಣಿನ ತನಕ ಹೊತ್ತೆ ತಾಯಿ. ಮುಂದೆ ಇಳಿಸಿಕೊಳ್ಳುವವರೇ ಇಲ್ಲ. ಬೇಕಾದರೆ ನೀನೇ ಕೇಳಿಕೋ."

ತಾಯಿ ಮರಿಯ ತಲೆಗೆ ಕಿವಿಯಿಟ್ಟಳು. "ಯಾರಿದ್ದೀರಿ ಒಳಗೆ?"

"ನಾವು ಮಿದುಳಿನ ನರಕೋಶಗಳು," ಅಂದಿತು ಸಣ್ಣ ದನಿ. "ನಾವು ಮಾತಾಡುವುದು ರಸದ ಹನಿಗಳಲ್ಲಿ. ಒಬ್ಬರು ಹನಿ ಬಿಡಬೇಕು, ಇನ್ನೊಬ್ಬರು ಬೊಗಸೆಯೊಡ್ಡಿ ಹಿಡಿಯಬೇಕು. ನಮಗಿನ್ನೂ ಬೊಗಸೆಗಳೇ ಸರಿಯಾಗಿ ಮೂಡಿಲ್ಲ. ನಿನ್ನ ಮುಖವೆಲ್ಲ ಚೆಲ್ಲಿಹೋಯಿತಮ್ಮಾ."

"ಬೇಗ ಮೂಡಿಸಿಕೊಳ್ಳಿ ಮತ್ತೆ!"

"ಬೆಳಕು ಹೊಳೆಯ ಹಾಗೆ ನುಗ್ಗಿದರೆ ಮೂಡಿದ್ದೂ ಕಿತ್ತುಹೋಗುತ್ತೆ. ಹನಿಯೇ ಬಾರದಿದ್ದರೆ ಒಣಗಿ ಉದುರುತ್ತೆ. ಮೆಲ್ಲಗೆ ಬರಬೇಕು."

ಗೋಡೆಯೇ ಏಳದ ಅಂಗಡಿಗೆ ಮೂಟೆ ಇಳಿಸಿದ ಹಾಗಾಗಿತ್ತು. ತಾಯಿಗೆ ಅರ್ಥವಾಯಿತು. ಮನಸ್ಸು ಕಲ್ಲು ಮಾಡಿಕೊಂಡು, ನಾಲಿಗೆಯಿಂದ ಸವರಿ ಮರಿಯ ರೆಪ್ಪೆ ಮುಚ್ಚಿದಳು.

"ನಾನೆಲ್ಲಿಗೆ ಹೋಗಲಿ?" ಅಂದಿತು ಬೆಳಕು.

"ಹೊರಗೆ ನಿಲ್ಲು. ನಾನೂ ನಿಲ್ಲುತ್ತೇನೆ."

"ಹಾಗಾದರೆ ಒಳಗೆ ಹನಿ ಕಳಿಸುವವರು ಯಾರು?" ಅಂದಿತು ಬೆಳಕು.

"ಕತ್ತಲಲ್ಲೇ ನಾನು ಕಳಿಸ್ತೇನೆ," ಅಂದಿತು ಮುಚ್ಚಿದ ಕಣ್ಣು.

ಏನನ್ನೂ ನೋಡದೆ ಕಣ್ಣು ಹನಿಹನಿಯಾಗಿ ಸುದ್ದಿ ಕಳಿಸಿತು. ಒಳಗೆ ಒಂದೊಂದೇ ಬೊಗಸೆ ಮೂಡಿತು. ಮರಿ ಮೂಗಿನಿಂದಲೇ ತಾಯಿಯನ್ನು ಹುಡುಕಿ ಹಾಲು ಕುಡಿಯುತ್ತಿತ್ತು. ಹೊಟ್ಟೆಗಂಟಿ ಮಲಗಿದ್ದರೂ ತಾಯಿಗೆ ಅದು ದೂರದೂರಿನಲ್ಲಿದ್ದಂತೆ. ರೆಪ್ಪೆ ನೆಕ್ಕಿ ಕೇಳುವಳು, "ಇವತ್ತು?"

"ಇನ್ನೂ ಇಲ್ಲ," ಅನ್ನುವವು ನರಕೋಶಗಳು.

ಮಾರನೆಯ ದಿನ ಮತ್ತೆ, "ಇವತ್ತು?"

"ಇನ್ನೂ ಇಲ್ಲ."

ಬೆಳಕು ಗೊಣಗಿತು, "ನನ್ನಣ್ಣ ಗಾಳಿ ಹಾಸ್ಯ ಮಾಡ್ತಾನೆ. ಕದ ಕಾಯುವ ಕೆಲಸ ಹಿಡಿದೆಯಾ ಅಂತ."

"ಮಾಡಲಿ ಬಿಡು. ಅವನಿಗೇನು, ಯಾರ ಮುಖವೂ ಹೊರುವ ಹಂಗಿಲ್ಲ."

ಒಂದು ಬೆಳಿಗ್ಗೆ ತಾಯಿ ಕೇಳಿದಾಗ ನರಕೋಶಗಳು, "ಇವತ್ತು," ಅಂದವು. ರೆಪ್ಪೆಯ ಅಂಚು ಬಿರಿಯಿತು. ಬೆಳಕು ಅವಳ ಮುಖ ಹೊತ್ತು ಮೆಲ್ಲಗೆ ಒಳಗೆ ಹೋಯಿತು. ಮರಿ ಕತ್ತೆತ್ತಿ ಅವಳನ್ನೇ ನೋಡಿತು.

ಅಂದಿನಿಂದ ಬೆಕ್ಕಿನ ಮರಿಗಳು ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಅದಕ್ಕೇ ಪುಟ್ಟಾ, ನಮ್ಮ ಅಂಗಡಿಯ ಮೂಟೆಗಳ ಸಂದಿಯಲ್ಲಿ ಮಲಗಿರುವ ಬೆಕ್ಕಿನ ಮರಿಯ ಕಣ್ಣನ್ನು ಬೆರಳಿನಿಂದ ಬಿಡಿಸಬೇಡ, ಅದರಮ್ಮ ರೆಪ್ಪೆ ನೆಕ್ಕುವಾಗಲೆಲ್ಲ ಕೇಳುತ್ತಿರುವುದು ಅದೇ ಮಾತು, "ಇವತ್ತು?"