ಕಬ್ಬಿನ ತುದಿ ಯಾಕೆ ಸಪ್ಪೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕಿಕೊಂಡು ಓಡಾಡುತ್ತಿದ್ದವು. ಹೊಳೆ ಅನ್ನುವುದು ಇನ್ನೂ ಹುಟ್ಟಿರಲೇ ಇಲ್ಲ.

ಆಗ ಒಂದು ದೊಡ್ಡ ಬಯಲಿನಲ್ಲಿ ಕೆಂಚವ್ವ, ಅವಳ ಮಗಳು ದೇವೀರಿ, ಇಬ್ಬರೇ ಒಂದು ಗುಡಿಸಲು ಕಟ್ಟಿಕೊಂಡಿದ್ದರು.

ಒಂದು ದಿನ ದೇವೀರಿ ಸೂರಿಗೆ ಹೊದಿಸಲು ಹುಲ್ಲು ತರುತ್ತೇನೆ ಅಂತ ಬಯಲಿನ ಆಚೆ ತುದಿಗೆ ಹೋದಳು. ಕುಯ್ದಳು, ಹೊರೆ ಕಟ್ಟಿದಳು, ತಲೆಯ ಮೇಲಿಟ್ಟುಕೊಂಡು ತಿರುಗಿದಳು. ನೋಡಿದರೆ ದಾರಿಯೇ ಇಲ್ಲ. ದಾರಿ ಇದ್ದ ಕಡೆ ನೀರು. ಕಣ್ಣು ಹಾಯುವಷ್ಟು ಅಗಲದ ನೀರು, ಧಡಧಡ ಓಡುತ್ತಿತ್ತು.

"ಏಯ್, ನಿಲ್ಲು!" ಅಂದಳು ದೇವೀರಿ.

"ನಿಲ್ಲೋದು ಹೆಂಗಕ್ಕಾ? ನಾನು ಹುಟ್ಟಿದ್ದೇ ಇವತ್ತು. ಓಡೋದು ಒಂದು ಬಿಟ್ಟರೆ ಇನ್ನೇನೂ ಗೊತ್ತಿಲ್ಲ," ಅಂದಿತು ಹೊಳೆ.

"ಹಂಗಾದ್ರೆ ನನ್ನನ್ನ ಹೊತ್ತು ಆಚೆ ಬಿಡು."

"ಉಸಿರಾಡೋರನ್ನ ಹೊರೋಕೆ ನನಗೆ ಬರಲ್ಲ ಅಕ್ಕಾ. ಬೆಳಿಗ್ಗೆ ಒಂದು ಜಿಂಕೆಯನ್ನ ಹೊತ್ತು ನೋಡಿದೆ, ಅದರ ಉಸಿರೇ ನಿಂತುಹೋಯ್ತು," ಅಂದಿತು ಹೊಳೆ.

ಅವ್ವ ಆ ದಡದಲ್ಲಿ ಉಳಿದಳು. ಮಗಳು ಈ ದಡದಲ್ಲಿ ಉಳಿದಳು.

ಸಂಜೆ ಆ ದಡದಿಂದ ಅವ್ವನ ಕೂಗು ಬಂತು. ಹೊಳೆ ಅಷ್ಟು ಅಗಲವಿತ್ತಲ್ಲ, ಕೂಗು ನಡುನೀರಿಗೆ ಬಂದು ಸುಸ್ತಾಗಿಬಿಡುತ್ತಿತ್ತು. ಗಾಳಿ ಅದನ್ನು ಎತ್ತಿಕೊಂಡು ಬಂದು ದೇವೀರಿಯ ಕಿವಿಗೆ ಹಾಕಿತು.

"ಉಂಡ್ಯಾ ಮಗಾ?"

"ಉಂಡೆ ಕಣವ್ವ."

"ಏನುಂಡೆ?"

ದೇವೀರಿ ಗೆಡ್ಡೆಯ ಸಿಪ್ಪೆಯನ್ನು ಕಾಲಿನಿಂದ ಮರಳಿಗೆ ತಳ್ಳಿದಳು. ಗಾಳಿಗೆ ಮಾತು ಹೊರಲು ಬರುತ್ತಿತ್ತು, ಮುಚ್ಚಿಡಲು ಬರುತ್ತಿರಲಿಲ್ಲ. ಅದು ನೆಟ್ಟಗೆ ಆ ದಡಕ್ಕೆ ಹೋಗಿ, "ಯಾವುದೋ ಗೆಡ್ಡೆ ಅಗೆದು ತಿಂದಳು. ಕಹಿ ಅಂತ ಅರ್ಧ ಉಗಿದಳು," ಅಂದುಬಿಟ್ಟಿತು.

"ನನ್ ಕೂಸು ಅಲ್ಲಿ ಹಸಿದಿರುವಾಗ ನನ್ ಗಂಟಲಲ್ಲಿ ತುತ್ತು ಇಳೀತದಾ?" ಅಂದಳು ಕೆಂಚವ್ವ. ಕಲಸಿದ್ದನ್ನು ಪಕ್ಕಕ್ಕೆ ಸರಿಸಿದಳು. ಅವತ್ತಿನಿಂದ ದಿನಕ್ಕೊಂದು ತುತ್ತು ಕಡಿಮೆ ಉಣ್ಣತೊಡಗಿದಳು. ದಿನಕ್ಕೊಂದಿಷ್ಟು ಅವಳ ಕೂಗು ಸಣ್ಣಗಾಗತೊಡಗಿತು.

ದೇವೀರಿಗೆ ಅದು ಗೊತ್ತಾಗುತ್ತಿತ್ತು. ನಿನ್ನೆಗಿಂತ ಇವತ್ತು ಸಣ್ಣ. ಇವತ್ತಿಗಿಂತ ನಾಳೆ ಸಣ್ಣ.

ಹೀಗಿರುವಾಗ ಒಂದು ದಿನ ಕೆಸರಿನಲ್ಲಿ ದಪ್ಪಗೆ, ಹಾವಿನ ಹಾಗೆ ಏನೋ ಮಲಗಿದ್ದು ಕಂಡಿತು. ಅದು ಕಬ್ಬು. ಆಗಿನ ಕಬ್ಬಿನೊಳಗೆ ನಾರೇ ಇರಲಿಲ್ಲ. ಬುಡದಿಂದ ತುದಿಯವರೆಗೂ ಬರೀ ಸಿಹಿ, ಬರೀ ರಸ. ಎದ್ದು ನಿಲ್ಲಲು ಶಕ್ತಿಯಿಲ್ಲದೆ ಮಲಗಿದಲ್ಲೇ ಬೆಳೆಯುತ್ತಿತ್ತು. ದೇವೀರಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಎಷ್ಟೋ ದಿನದ ಮೇಲೆ ಅವಳಿಗೆ ಹೊಟ್ಟೆ ತುಂಬಿತು.

"ಅವ್ವಾ, ಉಂಡೆ! ಜೇನಿನಂಥದ್ದು ಉಂಡೆ!" ಅಂತ ಕೂಗಿದಳು.

"ನನ್ನ ಸಮಾಧಾನಕ್ಕೆ ಹೇಳ್ತೀಯ," ಅಂತ ಉತ್ತರ ಬಂತು. "ನನ್ ನಾಲಿಗೆಗೆ ಮುಟ್ಟಿದ ದಿನ ನಂಬ್ತೀನಿ."

ದೇವೀರಿ ಒಂದು ಕಬ್ಬನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಹೊಳೆಗೆ ಬಿಟ್ಟಳು. ನಾಲ್ಕು ಮಾರು ಹೋಗುವುದರೊಳಗೆ ಅದು ಒಡೆದು ಕರಗಿಹೋಯಿತು.

"ಅಯ್ಯೋ ಅಕ್ಕಾ, ತಪ್ಪಾಯ್ತು," ಅಂದಿತು ಹೊಳೆ. ಆಮೇಲೆ ಮೆಲ್ಲಗೆ, "ತುಂಬಾ ರುಚಿಯಾಗಿತ್ತು," ಅಂದಿತು.

ದಡದ ಮೇಲಿದ್ದ ಹೊಳೆಹುಲ್ಲು ಇದನ್ನೆಲ್ಲ ನೋಡುತ್ತಿತ್ತು. ಆಳೆತ್ತರದ ಹುಲ್ಲು, ಕಡ್ಡಿಯಂಥ ಮೈ, ತಲೆ ತುಂಬ ಬೆಳ್ಳಗಿನ ಗರಿ. ಅದರ ಮೈಯೆಲ್ಲ ನಾರು. ಒಂದು ತೊಟ್ಟು ಸಿಹಿಯಿಲ್ಲ.

"ಬೆನ್ನಿಲ್ಲದ ಸೋಮಾರಿಯನ್ನ ಕೆಲಸಕ್ಕೆ ಕಳಿಸಿದರೆ ಇನ್ನೇನಾಗ್ತದೆ?" ಅಂದಿತು ಹುಲ್ಲು.

"ಹೋಗೋ ಒಣಕಲ! ದನ ಕೂಡ ನಿನ್ನ ಮೂಸಿ ಮುಂದಕ್ಕೆ ಹೋಗ್ತದೆ," ಅಂದಿತು ಕಬ್ಬು, ಮಲಗಿದಲ್ಲಿಂದಲೇ.

ದೇವೀರಿ ಇಬ್ಬರ ನಡುವೆ ಕೂತಳು. "ನಿಮ್ಮಿಬ್ಬರಿಗೂ ಕೈ ಮುಗೀತೀನಿ. ನೀವಿಬ್ಬರೂ ಮದುವೆಯಾಗಿ. ಹುಟ್ಟೋ ಮಗುವಿಗೆ ಅವ್ವ ಕಬ್ಬಿನ ಸಿಹಿ, ಅಪ್ಪ ಹುಲ್ಲಿನ ನಾರು. ಅದು ನೀರಲ್ಲಿ ಒಡೆಯಲ್ಲ. ಅವ್ವನ್ನ ಮುಟ್ಟುತ್ತೆ."

ಹುಲ್ಲು ಗರಿ ಅಲ್ಲಾಡಿಸಿತು. "ಮಕ್ಕಳು ನಾವು ಕೇಳಿದಂಗೆ ಹುಟ್ತಾವಾ ತಾಯೀ? ಯಾರದ್ದು ಎಷ್ಟು ಬರ್ತದೋ, ಬಂದಾಗ್ಲೇ ನೋಡಬೇಕು."

ಆದರೂ ಇಬ್ಬರೂ ಒಪ್ಪಿದರು. ಗಾಳಿ ಹುಲ್ಲಿನ ಪರಾಗವನ್ನು ಕಬ್ಬಿನ ಹೂವಿಗೆ ತಂದು ಕೊಟ್ಟಿತು. ಧೂಳಿನಷ್ಟು ಸಣ್ಣ ಬೀಜಗಳು ದಡದ ತುಂಬ ಉದುರಿದವು. ಮಳೆ ಬಂತು. ಮಕ್ಕಳು ಎದ್ದರು.

ಹುಲ್ಲು ಹೇಳಿದ್ದೇ ನಿಜವಾಯಿತು. ಒಂದು ಮಗು ಪೂರ್ತಿ ಅಪ್ಪ, ಜಗಿದರೆ ಹಗ್ಗ ಜಗಿದ ಹಾಗೆ. ಒಂದು ಪೂರ್ತಿ ಅವ್ವ, ಮುಟ್ಟಿದರೆ ಕುಸಿಯುತ್ತಿತ್ತು. ಒಂದಕ್ಕೆ ಸಿಹಿ ಇತ್ತು, ಎತ್ತರ ಮೊಳಕಾಲಿಗೆ ನಿಂತಿತ್ತು. ಇನ್ನೊಂದು ಮುಗಿಲು ಮುಟ್ಟುವಂತಿತ್ತು, ಒಳಗೆ ಬರೀ ಬೆಂಡು. ದೇವೀರಿ ಒಂದೊಂದನ್ನೂ ಮುರಿದು, ಜಗಿದು, ಉಗಿದು ನೋಡಿದಳು. ದವಡೆ ಊದಿಕೊಂಡಿತು. ಆ ದಡದಿಂದ ಬರುತ್ತಿದ್ದ ಕೂಗು ಈಗ ಪಿಸುಮಾತಿನಷ್ಟಾಗಿತ್ತು.

ಕೊನೆಯ ಸಾಲಿನಲ್ಲಿ ಅದು ಸಿಕ್ಕಿತು. ಗಾಳಿ ತಳ್ಳಿದರೂ ಬೀಳಲಿಲ್ಲ. ಮುರಿಯಲು ಮನಸ್ಸಾಗದೆ ತುದಿಯ ಸೋಗೆಯೆಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ನೋಡಿದರೆ ಅಲ್ಲೂ ಸಿಹಿ. ಒಂದೇ ಒಂದು ಜಲ್ಲೆ. ಗಿಣ್ಣು ಗಿಣ್ಣಿಗೂ ಒಂದೊಂದು ಪುಟ್ಟ ಕಣ್ಣು, ಮೊಳಕೆ ಒಳಗೇ ಮಲಗಿತ್ತು.

"ಒಂದು ಗಿಣ್ಣು ಇಲ್ಲೇ ಉಳಿಸಿಕೋ," ಅಂದಿತು ಹುಲ್ಲು. "ಇಂಥದ್ದು ಮತ್ತೆ ಹುಟ್ಟಲ್ಲ."

"ಹೆತ್ತವ್ವನಿಗೆ ಯಾರಾದ್ರೂ ಮುರಿದದ್ದನ್ನ ಕಳಿಸ್ತಾರಾ?" ಅಂದಳು ದೇವೀರಿ. ಅವರ ಕಡೆ ಹಾಗೆ. ಯಾರಿಗೇ ಕೊಟ್ಟರೂ ಇಡಿಯಾಗಿ ಕೊಡಬೇಕು, ಅವ್ವನಿಗಂತೂ ಕೇಳುವುದೇ ಬೇಡ. "ಇದರ ಗರಿಯಲ್ಲಿ ಸಾವಿರ ಬೀಜ ಇದಾವಲ್ಲ. ಬಿತ್ತಿಕೊಂಡರಾಯ್ತು."

ಗರಿ ಕೊಡವಿ ಬೀಜ ಇಟ್ಟುಕೊಂಡಳು. ಜಲ್ಲೆಯನ್ನು ಬುಡಸಮೇತ ಕಿತ್ತು, ತೊಳೆದು, ಸೋಗೆಯೂ ಹರಿಯದ ಹಾಗೆ ನೀರಿಗೆ ಬಿಟ್ಟಳು. ಹೊಳೆ ಉಸಿರು ಬಿಗಿಹಿಡಿದು ಹೊತ್ತೊಯ್ದಿತು.

ಅದು ಒಡೆಯಲಿಲ್ಲ.

ಮರುದಿನ ಸಂಜೆ ಗಾಳಿ ಓಡೋಡಿ ಬಂತು. ಅದರ ಕೈಯಲ್ಲಿದ್ದ ಕೂಗು ದಪ್ಪಗಿತ್ತು. "ನಂಬಿದೆ ಮಗಾ! ಉಂಡೆ! ಆಮೇಲೆ ಅನ್ನಾನೂ ಉಂಡೆ!"

ದೇವೀರಿ ಅವತ್ತು ದಡದ ಮೇಲೆ ಕುಣಿದಳು. ಆಮೇಲೆ ಬೀಜ ಬಿತ್ತಿದಳು.

ಬೀಜಗಳು ಹುಟ್ಟಿದವು. ಹಗ್ಗದಂಥದ್ದು ಹುಟ್ಟಿತು, ಕುಸಿಯುವಂಥದ್ದು ಹುಟ್ಟಿತು, ಬೆಂಡು ಹುಟ್ಟಿತು. ಸಾವಿರದಲ್ಲಿ ಒಂದೂ ಅದರ ಹಾಗೆ ಹುಟ್ಟಲಿಲ್ಲ. ಹಳೆಯ ಕಬ್ಬೂ ತಿಂದು ಮುಗಿದಿತ್ತು. ಒಂದು ಗಿಣ್ಣು ಉಳಿಸಿಕೋ ಅಂದಿದ್ದ ಹುಲ್ಲಿಗೆ ಬೆನ್ನು ಹಾಕಿ ಕೂತಳು ದೇವೀರಿ.

"ಅದನ್ನೇ ಉಣ್ತಿದ್ದೀಯ ತಾನೇ ಮಗಾ?" ಅಂತ ಕೇಳಿತು ಆ ದಡ.

ಅವಳು ಮುಖಕ್ಕೆ ಸೆರಗು ಒತ್ತಿಕೊಂಡಳು. ಗಾಳಿ ಆ ಬಿಕ್ಕನ್ನೂ ಎತ್ತಿಕೊಂಡು ಹೋಗಿ ಹಾಗೇ ಒಪ್ಪಿಸಿತು. ಏನಾಯಿತೆಂದು ಒಂದೂ ಬಿಡದೆ ಹೇಳಿತು.

ಆ ದಡದಿಂದ ಉತ್ತರ ಬಂತು. ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ಗಾಳಿಗೂ ತಿಳಿಯಲಿಲ್ಲ.

"ಪೆದ್ದಿ! ನಿನಗೆ ಅರ್ಧ ಎತ್ತಿಡದೆ ನಾನು ಯಾವತ್ತು ಏನು ತಿಂದಿದ್ದೀನಿ? ಬುಡದ ಕಡೆಯದ್ದು ನಾನು ತಿಂದೆ. ತುದಿಯದ್ದು ಹಸಿರಾಗಿ ಚೆಂದ ಇತ್ತು, ಅದು ನಿಂದು. ಒಣಗದಿರಲಿ ಅಂತ ಹಸಿ ಮರಳಲ್ಲಿ ಹೂತಿಟ್ಟಿದ್ದೀನಿ. ಕಳಿಸೋದು ಹೆಂಗೆ ಅಂತಲೇ ದಾರಿ ನೋಡ್ತಿದ್ದೆ."

ದೇವೀರಿ ಹೊಳೆಯ ಕಡೆ ನೋಡಿದಳು.

"ನನ್ನ ಸೆಳೆತ ಇರೋದು ಆ ದಡದ ಕಡೆಗೆ. ಆ ಕಡೆಯಿಂದ ಈ ಕಡೆಗೆ ತರೋಕೆ ನಾನು ಬಾಗಬೇಕು," ಅಂದಿತು ಹೊಳೆ. "ಬಾಗಿ ನನಗೆ ಅಭ್ಯಾಸವಿಲ್ಲ."

"ಪ್ರಯತ್ನ ಮಾಡು ತಮ್ಮಾ."

ಹೊಳೆ ಮೊದಲ ಸಲ ಬಾಗಿತು. ಮರಳು ಕೊರೆಯಿತು, ಕಲ್ಲು ಹೊರಳಿತು, ನೀರು ನೊರೆ ಕಾರಿತು. ಅವ್ವ ನೀರಿಗೆ ಬಿಟ್ಟ ಅರ್ಧ ಜಲ್ಲೆ ಆ ತಿರುವಿನಲ್ಲಿ ಸುತ್ತಿ ಸುತ್ತಿ, ದೇವೀರಿಯ ಪಾದಕ್ಕೆ ಬಂದು ತಾಗಿತು.

ಅವ್ವ ಮುಟ್ಟಿದ್ದು. ದೇವೀರಿ ಅದನ್ನು ಕೆನ್ನೆಗೆ ಒತ್ತಿಕೊಂಡು ತುಂಬ ಹೊತ್ತು ಕೂತಳು. ಆಮೇಲೆ ಒಂದು ಅಂಚನ್ನು ಮೆಲ್ಲಗೆ ಕಚ್ಚಿದಳು.

ಸಪ್ಪೆ. ನೀರಿನಂಥ ಸಪ್ಪೆ.

"ಸಿಹಿ ಎಲ್ಲಿ ಹೋಯ್ತು?" ಅಂದಳು.

"ಗಿಣ್ಣು ನೋಡು," ಅಂದಿತು ಹುಲ್ಲು.

ನೋಡಿದಳು. ಮರಳಿನೊಳಗೆ ಕಾದ ಅಷ್ಟೂ ದಿನ ಜಲ್ಲೆ ತನ್ನ ಸಿಹಿಯನ್ನೆಲ್ಲ ಕಣ್ಣುಗಳಿಗೆ ಉಣಿಸಿಬಿಟ್ಟಿತ್ತು. ಪ್ರತಿ ಗಿಣ್ಣಿನಲ್ಲೂ ಕಣ್ಣು ಉಬ್ಬಿ, ಬೆಳ್ಳಗೆ ಬಾಯಿ ತೆರೆದಿತ್ತು.

ದೇವೀರಿ ಅದನ್ನು ತಿನ್ನಲಿಲ್ಲ. ಮೂರು ಮೂರು ಕಣ್ಣಿಗೊಂದು ತುಂಡು ಮಾಡಿ ದಡದುದ್ದಕ್ಕೂ ನೆಟ್ಟಳು. ಎದ್ದ ಪ್ರತಿ ಸಸಿಯೂ ಅದರ ಹಾಗೇ ಇತ್ತು, ಒಂದರ ಅಚ್ಚು ಒಂದು. ಅಷ್ಟೇ ನಾರು, ಅಷ್ಟೇ ಸಿಹಿ. ಆದರೆ ಕಣ್ಣುಗಳಿಗೆ ಸಿಹಿ ಉಣಿಸಿದ ಆ ತುದಿಯ ಮಕ್ಕಳಲ್ಲವೇ, ಬುಡದಿಂದ ಮೇಲಕ್ಕೆ ಹೋದಂತೆ ಸಿಹಿ ಕಡಿಮೆಯಾಗಿ, ತುದಿಯಲ್ಲಿ ಸಪ್ಪೆಯಾಗುತ್ತಿತ್ತು. ಬೆಳೆದ ಮೇಲೆ ಬುಡದ ಕಡೆಯದನ್ನೆಲ್ಲ ಅವಳು ಅವ್ವನಿಗೆ ಕಳಿಸಿದಳು, ಮುರಿದೇ ಕಳಿಸಿದಳು. ತುದಿಯನ್ನು ನೆಡಲು ಇಟ್ಟುಕೊಂಡಳು. ಹೊಳೆ ಎಂದೂ ನಿಲ್ಲಲಿಲ್ಲ, ಅವರಿಬ್ಬರೂ ಎಂದೂ ಒಂದೇ ಎಲೆಯಲ್ಲಿ ಉಣ್ಣಲಿಲ್ಲ.

ಅದಕ್ಕೇ ಕಂದಾ, ಇವತ್ತಿಗೂ ಕಬ್ಬು ಬುಡದಲ್ಲಿ ಸಿಹಿ, ತುದಿಯಲ್ಲಿ ಸಪ್ಪೆ. ಅದಕ್ಕೇ ಗದ್ದೆಯಲ್ಲಿ ಕಬ್ಬು ಕಡಿಯುವವರು ತುದಿಯ ತುಂಡನ್ನು ನೆಡಲು ಬೇರೆ ಎತ್ತಿಟ್ಟು, ಬುಡದ ತುಂಡನ್ನು ನಿನ್ನ ಕೈಗೆ ಕೊಡುತ್ತಾರೆ.